ಗರಗಸದ ರೈಲು ಬಾಗಿಲು ದಾಟಿದಾಗ

ಮನೆಯ ಪಡಸಾಲೆಯಲ್ಲೋ ಹಿತ್ತಲಿನ ತಗಡಿನ ಚಪ್ಪರದಲ್ಲೋ ಮರಗೆಲಸ ಶುರುಮಾಡುವ ಹುಡುಗರು ಈಗಲೂ ಆಗಾಗ ನನ್ನ ಹತ್ತಿರ ಬರುತ್ತಾರೆ. ಎಲ್ಲರ ಪ್ರಶ್ನೆಯೂ ಒಂದೇ. “ಕಾಕಾ, ಗರಗಸದ ಮೇಜಿಗೆ ರೈಲು ಎಷ್ಟು ಫೂಟಿಂದು ಹಾಕಸ್ಲಿ?”

ನಾನು ಕೂಡಲೇ ಉತ್ತರ ಹೇಳುವುದಿಲ್ಲ. “ನಿಮ್ಮ ಮನ್ಯಾಗ ಅಡಗಿಮನಿ ಬಾಗ್ಲಾ ಯಾವ ಕಡೀಗೈತಿ?” ಎಂದು ತಿರುಗಿ ಕೇಳುತ್ತೇನೆ. ಮುದುಕನಿಗೆ ಕಿವಿ ಮಂದವಾಗಿರಬೇಕು ಎಂದುಕೊಂಡು ಅವರು ತಮ್ಮ ಪ್ರಶ್ನೆಯನ್ನು ಇನ್ನಷ್ಟು ಗಟ್ಟಿಯಾಗಿ ಕೇಳುತ್ತಾರೆ. ನನ್ನ ಕಿವಿ ಚೆನ್ನಾಗಿದೆ. ಓಣಿಯ ಆ ತುದಿಯಲ್ಲಿ ಗರಗಸ ತಿರುಗುತ್ತಿರುವಾಗ ಅದರ ದನಿ ಒಂದಿಷ್ಟು ದಪ್ಪವಾದರೂ ನನಗೆ ತಿಳಿಯುತ್ತದೆ. ತಿಳಿದ ಕೂಡಲೇ ಕೈಯಲ್ಲಿದ್ದ ಚಹಾದ ಬಟ್ಟಲನ್ನು ಕೆಳಗಿಡುತ್ತೇನೆ. ನಿವೃತ್ತನಾಗಿ ಇಷ್ಟು ವರ್ಷವಾದರೂ ಆ ಹೆದರಿಕೆ ಹೋಗಿಲ್ಲ. ಯಾಕೆ ಹೋಗಿಲ್ಲ ಎಂಬುದನ್ನು, ಕಂಡದ್ದು ಕಂಡ ಹಾಗೆ, ಈ ಕೆಲಸಕ್ಕೆ ಹೊಸದಾಗಿ ಬರುವವರಿಗಾಗಿ ಬರೆದಿಡುತ್ತಿದ್ದೇನೆ.

ಮೊದಲು ಯಂತ್ರದ ಮಾತು. ಕಬ್ಬಿಣದ ಮೇಜು, ಅದರ ನಡುವಿನ ಸೀಳಿನಿಂದ ಮೇಲೆ ಬಂದು ತಿರುಗುವ ದುಂಡನೆಯ ಹಲ್ಲಿನ ಬಿಲ್ಲೆ. ಹಲಗೆಯನ್ನು ನಾವು ಮುಂದಿನಿಂದ ದೂಡುತ್ತೇವೆ, ಬಿಲ್ಲೆ ಅದನ್ನು ಸೀಳುತ್ತದೆ. ಹಲಗೆ ಅತ್ತಿತ್ತ ಹೊರಳದೆ ನೇರವಾಗಿ ಸಾಗಲು ಬಿಲ್ಲೆಯ ಬಲಗಡೆ ಒಂದು ಉದ್ದನೆಯ ಪಟ್ಟಿ ಇರುತ್ತದೆ. ಅಂಗಡಿಯವರು ಅದನ್ನು ಫೆನ್ಸ್ ಎನ್ನುತ್ತಾರೆ, ನಾವು ಆಸರೆ ಎನ್ನುತ್ತಿದ್ದೆವು. ಅಗಲ ಹಲಗೆ ಬೇಕೆಂದರೆ ಆಸರೆಯನ್ನು ಬಿಲ್ಲೆಯಿಂದ ದೂರ ಸರಿಸಬೇಕು. ಅದು ಸರಿದಾಡುವ ಕಬ್ಬಿಣದ ಹಳಿಯೇ ರೈಲು. ರೈಲು ಮೇಜಿನ ಮುಂದಿನ ಅಂಚಿಗೆ ಬೋಲ್ಟಿನಿಂದ ಬಿಗಿದಿರುತ್ತದೆ, ಮೇಜು ಮುಗಿದ ಮೇಲೂ ಬಲಕ್ಕೆ ಚಾಚಿಕೊಂಡಿರುತ್ತದೆ. ಎಷ್ಟು ಚಾಚಿರಬೇಕು ಎಂಬುದೇ ಎಲ್ಲರ ಪ್ರಶ್ನೆ.

ಆಸರೆಯ ಧರ್ಮ ಒಂದೇ: ಅದು ಬಿಲ್ಲೆಗೆ ಸರಿಸಮನಾಗಿ ನಿಲ್ಲಬೇಕು. ಅದರ ಹಿಂದಿನ ತುದಿ ಕೂದಲೆಳೆಯಷ್ಟು ಬಿಲ್ಲೆಯ ಕಡೆಗೆ ತಿರುಗಿದರೂ ಹಲಗೆ ಎರಡರ ನಡುವೆ ಸಿಕ್ಕಿಕೊಳ್ಳುತ್ತದೆ. ಸಿಕ್ಕ ಹಲಗೆಯನ್ನು ಬಿಲ್ಲೆ ಎತ್ತಿ, ದೂಡುತ್ತಿರುವವನ ಮೇಲೆಯೇ ಒಗೆಯುತ್ತದೆ. ಅದು ಬರುವುದು ಕಣ್ಣಿಗೆ ಕಾಣುವುದಿಲ್ಲ.

ನಾನು ಕೊಪ್ಪಳದ ಒಂದು ಸಣ್ಣ ಕಬ್ಬಿಣ ಕೆಲಸದ ಕಾರ್ಖಾನೆಯಲ್ಲಿ ಫಿಟರ್ ಆಗಿದ್ದೆ. ಎಪ್ಪತ್ತರ ದಶಕದ ಮೊದಲಲ್ಲಿ ಸೇರಿದಾಗ ನಮ್ಮಲ್ಲಿ ಕೂರಿಗೆ, ಕುಂಟೆ, ಗಾಡಿಯ ಕಬ್ಬಿಣದ ಪಟ್ಟಿ ಇವೇ ಕೆಲಸ. ನಮ್ಮ ಮನೆತನ ಹೊಲದ್ದು, ಮರಗೆಲಸ ನನಗೆ ಗೊತ್ತಿರಲಿಲ್ಲ. ಹಳ್ಳಿಗಳಿಗೆ ಕರೆಂಟು ಬರುತ್ತಾ ಹೋದ ಹಾಗೆ ಬಡಿಗೇರರು ಮನೆಯಲ್ಲೇ ಸಣ್ಣ ಗರಗಸ ಇಟ್ಟುಕೊಳ್ಳತೊಡಗಿದರು. ಮೊದಮೊದಲು ಅವರ ಮೇಜು ಕಟ್ಟಿಗೆಯದು, ಆಸರೆ ಎಂದರೆ ತಿರುಪಿನಿಂದ ಕಚ್ಚಿ ಹಿಡಿಯುವ ಎರಡು ಶಿಕಂಜಿಯಿಂದ ಬಿಗಿದ ಒಂದು ರೀಪು, ಅಂದರೆ ಕಟ್ಟಿಗೆಯ ಸಣ್ಣ ಪಟ್ಟಿ. ಎಂಬತ್ತರ ಹೊತ್ತಿಗೆ ಪ್ಲೈವುಡ್ಡಿನ ದೊಡ್ಡ ಹಾಳೆಗಳು ಬಂದವು. ಆಗ ಎಲ್ಲರಿಗೂ ಹಳೆಯ ಮೇಜಿಗೆ ಹೊಸ ರೈಲು ಬೇಕಾಯಿತು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ನಾಲ್ಕೂ ತಾಲೂಕುಗಳಿಗೆ ರೈಲನ್ನು ಬಸ್ಸಿನ ಮೇಲೆ ಹಾಕಿಕೊಂಡು ಹೋಗಿ ಕೂಡಿಸಿ ಬರುವುದು ನನ್ನ ಪಾಲಿಗೆ ಬಂತು.

ಕಾರ್ಖಾನೆಯ ಹಿರಿಯ ಖಾಸೀಮಸಾಬ ಮೇಸ್ತ್ರಿ. ಬಾಯಲ್ಲಿ ಯಾವಾಗಲೂ ಬೀಡಿ, ಅದನ್ನು ಹೊತ್ತಿಸುವುದು ಮಾತ್ರ ಅಪರೂಪ. ಬೀಡಿಯ ಎಲೆ ಅವರಿಗೆ ಅಳತೆಯ ಸಾಮಾನು. ಒಂದು ಕೊರಡನ್ನು ಮೇಜಿನ ಮೇಲೆ ಬಿಗಿದು, ಅದಕ್ಕೂ ಆಸರೆಗೂ ನಡುವೆ ಬೀಡಿ ಎಲೆಯ ತುಂಡು ಸಿಕ್ಕಿಸಿ, ಆಸರೆಯನ್ನು ಅಲ್ಲಾಡಿಸಿ ನೋಡುತ್ತಿದ್ದರು. ಎಲೆ ಬಿದ್ದರೆ ಆಸರೆ ಸರಿದಿದೆ ಎಂದು ಅರ್ಥ. “ಟೇಪ್ ಸುಳ್ಳು ಹೇಳಬಹುದು, ಹನಮಂತ. ಎಲಿ ಸುಳ್ಳು ಹೇಳೂದಿಲ್ಲ” ಎನ್ನುತ್ತಿದ್ದರು. ನನ್ನ ಹೆಸರು ಹನುಮಂತಪ್ಪ. ಪೂರ್ತಿ ಹೆಸರು ಕರೆದರೆ ಸಿಟ್ಟು ಬಂದಿದೆ ಎಂದು ತಿಳಿಯಬೇಕು.

ಗಿಡ್ಡ ರೈಲಿನ ಪಾಠ ನನಗೆ ಆದದ್ದು ಕುಷ್ಟಗಿಯಲ್ಲಿ. ಅಲ್ಲಿನ ಈರಪ್ಪ ಬಡಿಗೇರನ ರೈಲು ಎರಡು ಫೂಟೂ ಇರಲಿಲ್ಲ. ನಾಲ್ಕು ಫೂಟು ಅಗಲದ ಹಾಳೆಯಿಂದ ಎರಡೂವರೆ ಫೂಟಿನ ಬಾಗಿಲು ತೆಗೆಯಬೇಕು, ಆಸರೆ ಅಷ್ಟು ದೂರ ಹೋಗುವುದಿಲ್ಲ. ಈರಪ್ಪ ತಲೆಯ ಮೇಲೆ ಕೈ ಹೊತ್ತು ಕುಳಿತಿದ್ದ. ನಾನೂ ನಿಂತೇ ಇದ್ದೆ. ಜೊತೆಗೆ ಬಂದಿದ್ದ ಮೇಸ್ತ್ರಿ ನಕ್ಕರು.

“ಎರಡೂವರಿ ಬೇಕಂದ್ರ ಒಂದೂವರಿ ಅಳದು ಕಡೀರಿ. ಉಳದದ್ದು ನಿಮ್ಮ ಬಾಗ್ಲಾ. ರೊಟ್ಟಿ ಮುರದಂಗ, ಯಾವ ಕಡಿಂದ ಅಳದ್ರೇನು?”

ಅಂದರೆ ಹಾಳೆಯ ಅರ್ಧದಷ್ಟು ಆಸರೆ ಸರಿದರೆ ಬಹಳ ಕೆಲಸ ನಡೆದುಹೋಗುತ್ತದೆ. ಇದನ್ನು ಹೊಸಬರು ನೆನಪಿಟ್ಟುಕೊಳ್ಳಿ. ಈರಪ್ಪ ಹಿಗ್ಗಿ, ನಾವು ಹೋದ ಮೇಲೆ ತಾನು ಕೆಲಸ ಹಿಡಿದಿದ್ದ ಮನೆಯ ಎಲ್ಲ ಬಾಗಿಲನ್ನೂ ಹಾಗೆಯೇ ಕತ್ತರಿಸಿದ. ಸೀಳುವಾಗ ಬಿಲ್ಲೆ ತಿಂದುಹಾಕುವ ದಪ್ಪವನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಎಲ್ಲ ಬಾಗಿಲುಗಳೂ ಚೌಕಟ್ಟಿಗೆ ಸಡಿಲವಾದವು, ಅಂಚಿಗೆ ಸಣ್ಣ ರೀಪು ಬಡಿಯಬೇಕಾಯಿತು. ಮನೆಯ ಯಜಮಾನ ಓಣಿಗೆಲ್ಲ ಹೇಳಿಕೊಂಡು ಬಂದನಂತೆ: “ನಮ್ಮ ಈರಪ್ಪ ಬಾಗ್ಲಕ್ಕೂ ಇಳಕಲ್ ಸೀರಿ ಹಂಗ ದಡಿ ಹಚ್ಯಾನ್ರಿ.”

ಉದ್ದ ರೈಲು ಕೆಟ್ಟದ್ದು ಎಂದು ನಾನು ಹೇಳುವುದಿಲ್ಲ. ಅಂಟು ಹಾಕಿ ಕೂಡಿಸಿದ ಅಗಲ ಬಾಗಿಲಿನ ಅಂಚನ್ನು ಬೆರಳಗಲದಷ್ಟು ಸವರಬೇಕಾದರೆ ಪೂರ್ತಿ ಬಾಗಿಲು ಆಸರೆಯ ಕಡೆಗೇ ಇರಬೇಕು, ಅಲ್ಲಿ ಅರ್ಧದ ಲೆಕ್ಕ ನಡೆಯದು. ಗಂಗಾವತಿಯ ಹೊರಗೆ, ಕಾಲುವೆ ದಂಡೆಯ ವಲಸೆ ರೈತರ ಕ್ಯಾಂಪಿನಲ್ಲಿ ಒಂದು ದೊಡ್ಡ ತಗಡಿನ ಚಪ್ಪರಕ್ಕೆ ನಾನು ಆಳುದ್ದದ ರೈಲು ಹಾಕಿದ್ದೇನೆ. ಅಲ್ಲಿ ನಾಲ್ಕೂ ಕಡೆ ಬಯಲು. ರೈಲಿನ ತುದಿಗೆ ಕಬ್ಬಿಣದ ಕಾಲು ಕೊಟ್ಟು, ನೆಲದಲ್ಲಿ ಸಿಮೆಂಟು ಹಾಕಿ ಹೂತೆವು. ಎಲೆ ಬೀಳಲಿಲ್ಲ. ನನಗೆ ತಿಳಿದ ಮಟ್ಟಿಗೆ ಅಲ್ಲಿ ಯಾರಿಗೂ ಏನೂ ಆಗಲಿಲ್ಲ.

ಆದರೆ ಆ ರೈಲನ್ನು ಯಲಬುರ್ಗಾದ ಮೌನಪ್ಪ ಬಡಿಗೇರ ನೋಡಿದ.

ಕಟ್ಟಿಗೆ ಕೊಳ್ಳಲು ಗಂಗಾವತಿಗೆ ಹೋದವನು ಊರಿಗೆ ಹೋಗದೆ ನೇರ ಕೊಪ್ಪಳಕ್ಕೆ ಬಂದು ಕಾರ್ಖಾನೆಯ ಬಾಗಿಲಲ್ಲಿ ನಿಂತ. ನಲವತ್ತು ದಾಟಿದ, ಸಣಕಲು ಮೈಯ, ನಗುಮುಖದ ಮನುಷ್ಯ. ತನ್ನ ಗರಗಸದ ಮೇಜಿಗೂ ಉದ್ದ ರೈಲು ಬೇಕು ಎಂದ. ಅಷ್ಟು ಉದ್ದವಲ್ಲದಿದ್ದರೂ ನಾಲ್ಕೂವರೆ ಫೂಟಾದರೂ ಬಿಲ್ಲೆಯಿಂದಾಚೆ ಚಾಚಬೇಕು.

ಮೇಸ್ತ್ರಿ ಅವನ ಮನೆಯನ್ನು ನೋಡಿರಲಿಲ್ಲ. “ಉದ್ದಂದ ಒಯ್ರಿ” ಎಂದರು. “ಉದ್ದಂದು ನಾಳೆ ಕಡೀಬಹುದು, ಗಿಡ್ಡಂದು ಬೆಳಸಾಕ ಬರ್ತೈತೇನು?”

ರೈಲು ತೆಗೆದುಕೊಂಡು ನಾನು ಯಲಬುರ್ಗಾಕ್ಕೆ ಹೋದೆ. ಮೌನಪ್ಪನ ಕಾರ್ಯಾಗಾರ ಎಂದರೆ ಅವನ ಮನೆಯ ಪಡಸಾಲೆ. ಗರಗಸದ ಮುಂದೆ ನಿಂತವನ ಬೆನ್ನಿಗೆ ಬೀದಿಬಾಗಿಲು. ಎಡಕ್ಕೆ ಕಂಬ, ಒಟ್ಟಿದ ಹಲಗೆಗಳು. ಬಲಕ್ಕೆ ಮಣ್ಣಿನ ಗೋಡೆ, ಆ ಗೋಡೆಯಲ್ಲಿ ಅಡುಗೆಮನೆಯ ಬಾಗಿಲು. ಬಿಲ್ಲೆಯಿಂದ ಗೋಡೆಗೆ ಅಳೆದೆ. ಮೂರು ಫೂಟು ಚಿಲ್ಲರೆ. ತಪ್ಪಿರಬೇಕೆಂದು ಇನ್ನೊಮ್ಮೆ ಅಳೆದೆ.

“ಮೌನಪ್ಪಣ್ಣ, ಇದು ಹಿಡಿಸೂದಿಲ್ಲ. ಗ್ವಾಡಿ ಅಡ್ಡ ಬರತೈತಿ.”

“ಗ್ವಾಡಿ ಎಲ್ಲೈತೋ ಮಾರಾಯ? ರೈಲಿನ ಎದುರಿಗೆ ಬಾಗ್ಲಾ ಐತಿ, ತೆರದೈತಿ. ತುದಿ ಬಾಗ್ಲದಾಗ ಹಾಯ್ಲಿ.”

“ರೈಲು ಹಾಯ್ತೈತಿ. ಆಸರೆ ಹಾಯ್ಬೇಕಲ್ಲ? ಹಲಗಿ ಹಾಯ್ಬೇಕಲ್ಲ? ಗ್ವಾಡಿ ಆಚೆ ಇರೋ ರೈಲು ಇವತ್ತಿಗೆ ಯಾವ ಉಪಯೋಗಕ್ಕೂ ಬರೂದಿಲ್ಲ.”

“ಇವತ್ತಿಗಲ್ಲಪಾ. ಮುಂದ ಹಿತ್ತಲಾಗ ಚಪ್ಪರ ಹಾಕತೀನಿ, ಮಷೀನ ಅಲ್ಲಿಗೆ ಒಯ್ಯತೀನಿ. ಆವಾಗ ಮತ್ತ ಹೊಸಾ ರೈಲು ಮಾಡಸ್ಲೇನು?”

ಹೊಸಬರೇ, ಈ ಮಾತು ನೀವೂ ಆಡುತ್ತೀರಿ. ಮುಂದೆ ಕಟ್ಟುವ ಜಾಗಕ್ಕಾಗಿ ಇವತ್ತಿನ ಜಾಗದಲ್ಲಿ ಉದ್ದ ರೈಲು ಹಾಕಿಸುತ್ತೀರಿ. ಮಾತಿನಲ್ಲಿ ತಪ್ಪೇನೂ ಇಲ್ಲ. ಆದರೆ ಮುಂದಿನ ಚಪ್ಪರ ಬರುವವರೆಗೂ ಕೆಲಸ ನಡೆಯುವುದು, ಮನೆಯವರು ಓಡಾಡುವುದು ಇವತ್ತಿನ ಜಾಗದಲ್ಲೇ.

ನಾನು ರೈಲು ಬಿಗಿದೆ. ಅದರ ತುದಿ ಅಡುಗೆಮನೆಯ ಹೊಸ್ತಿಲು ದಾಟಿ ಒಂದು ಗೇಣು ಒಳಗೆ ಹೋಯಿತು. ಸೊಂಟದೆತ್ತರದಲ್ಲಿ, ಬಾಗಿಲ ಚೌಕಟ್ಟಿನ ಒಂದು ಪಕ್ಕಕ್ಕೆ. ಬಾಗಿಲು ಇನ್ನು ಮುಚ್ಚುವ ಹಾಗಿರಲಿಲ್ಲ, ಬರಹೋಗುವುದಕ್ಕೆ ಅರ್ಧ ಜಾಗ ಉಳಿಯಿತು. ತುದಿಗೆ ಕಾಲು ಕೊಡೋಣವೆಂದರೆ ಕಾಲು ಅಡುಗೆಮನೆಯ ಒಳಗೆ, ನಡೆಯುವ ದಾರಿಯಲ್ಲಿ ನಿಲ್ಲಬೇಕು. ಅದು ಆಗದ ಮಾತು.

ಅಷ್ಟರಲ್ಲಿ ಮೌನಪ್ಪನ ಹೆಂಡತಿ ಗಂಗವ್ವ ಚಹಾ ತಂದಳು. ಅವಳು ಬರೀ ಅಡುಗೆಯವಳಲ್ಲ. ಮೇಜಿನ ಹಿಂದೆ ನಿಂತು ಸೀಳಿದ ಹಲಗೆಯನ್ನು ಹಿಡಿದುಕೊಳ್ಳುವವಳೂ ಅವಳೇ. ಒಲೆಯ ಮೇಲಿನದು ಉಕ್ಕಿದರೆ ಒಳಗೆ, ಗಂಡ ಕೂಗಿದರೆ ಹೊರಗೆ. ಆ ಮನೆಯ ಹೊಸ್ತಿಲು ಮೊಳಕಾಲಿನ ಹತ್ತಿರದಷ್ಟು ಎತ್ತರ, ಒಳಗಿನ ನೆಲ ತಗ್ಗು. ನಮ್ಮ ಕಡೆ ಹೊಸ್ತಿಲನ್ನು ಯಾರೂ ತುಳಿಯುವುದಿಲ್ಲ. ಬೆಳಗಾದರೆ ಅರಿಸಿನ ಕುಂಕುಮ ಹಚ್ಚಿ ಕೈಮುಗಿಯುವ ಜಾಗ ಅದು. ಎಷ್ಟೇ ಎತ್ತರವಿದ್ದರೂ ಕಾಲೆತ್ತಿ ದಾಟಬೇಕು. ದಾಟುವಾಗ ಒಂದು ಕೈ ತಾನಾಗಿ ಚೌಕಟ್ಟನ್ನು ಹಿಡಿಯುತ್ತದೆ. ಗಂಗವ್ವ ಒಂದು ಕೈಯಲ್ಲಿ ಬಟ್ಟಲು ಹಿಡಿದು ಕಾಲೆತ್ತಿದಳು. ಇನ್ನೊಂದು ಕೈ ಚೌಕಟ್ಟಿಗೆ ಹೋಗಲಿಲ್ಲ. ಹತ್ತಿರವಿದ್ದ ರೈಲನ್ನು ಹಿಡಿಯಿತು, ಮೈಭಾರವೆಲ್ಲ ಅದರ ಮೇಲೆ ಬಿತ್ತು.

ನಾನು ಎದ್ದು ನಿಂತೆ.

“ಅಕ್ಕಾರ, ಅದನ್ನ ಹಿಡೀಬ್ಯಾಡ್ರಿ.”

“ಯಾಕ? ಹಿಡಿದ್ರ ಮೈಲಿಗಿ ಆಗತೈತೇನು ನಿಮ್ಮ ಕಬ್ಬಿಣ?” ಎಂದು ಗಂಗವ್ವ ನಕ್ಕಳು. “ಮನಿ ಬಾಗ್ಲದಾಗ ತಂದು ಇಟ್ಟವರು ನೀವು. ಹಿಡೀಲಾರದ ಹಾರಿ ಬರಾಕ ನಾನೇನು ಮಂಗ್ಯಾನ?”

ನಾನು ಮೇಸ್ತ್ರಿಯ ಎಲೆಯ ಪರೀಕ್ಷೆ ಮಾಡಿ ತೋರಿಸಿದೆ. ಆಸರೆಯನ್ನು ಮೇಜಿನ ಹೊರಗಿನ ರೈಲಿನ ಮೇಲೆ ನಿಲ್ಲಿಸಿ, ಅದರ ಹಿಂದಿನ ತುದಿಗೆ ಎಲೆ ಸಿಕ್ಕಿಸಿ, ಗಂಗವ್ವನಿಗೆ ಮತ್ತೊಮ್ಮೆ ಹೊಸ್ತಿಲು ದಾಟಲು ಹೇಳಿದೆ. ಅವಳು ರೈಲು ಹಿಡಿದು ದಾಟಿದಳು. ಎಲೆ ಜಾರಿ ನೆಲಕ್ಕೆ ಬಿತ್ತು.

ಮೌನಪ್ಪ ಅದನ್ನು ಹೆಕ್ಕಿ ನನ್ನ ಕಿಸೆಯಲ್ಲಿ ತುರುಕಿದ. “ಎಲಿ ಬಿತ್ತಂತ ಗಿಡಾ ಕಡೀತಾರೇನೋ ತಮ್ಮಾ? ಮಷೀನ ಚಾಲೂ ಇದ್ದಾಗ ಹಿಡೀಬ್ಯಾಡಂತ ಹೇಳತೀನಿ ಬಿಡು.” ಹೆಂಡತಿಗೆ ಹೇಳಿದ ಕೂಡ. ಅವಳು ಹೂಂ ಅಂದಳು. ಆದರೆ ಕೈ ಯಾರ ಮಾತು ಕೇಳುತ್ತದೆ? ಎಡವಿದರೆ ಗೋಡೆ ಹಿಡಿಯಬೇಡ ಎಂದು ಕೈಗೆ ಹೇಳಿಕೊಡಲು ಬರುವುದಿಲ್ಲ.

ಕೊಪ್ಪಳಕ್ಕೆ ಬಂದು ಮೇಸ್ತ್ರಿಗೆ ಎಲ್ಲವನ್ನೂ ಹೇಳಿದೆ. ಅವರು ಕಬ್ಬಿಣ ಉಜ್ಜುತ್ತಿದ್ದ ಅರದಿಂದ ತಲೆಯೆತ್ತಲಿಲ್ಲ. “ಅವನ ಮನಿ, ಅವನ ಬಾಗ್ಲಾ. ಗಿರಾಕಿ ಕೇಳಿದ್ದು ಕೊಟ್ಟೀವಿ.” ಆಮೇಲೆ ಅರ ನಿಲ್ಲಿಸಿ, “ಎಲಿ ಖರೇನ ಬಿತ್ತೇನು?” ಎಂದು ಕೇಳಿದರು. ಬಿತ್ತು ಎಂದೆ. ಮತ್ತೆ ಉಜ್ಜತೊಡಗಿದರು.

ಆಮೇಲೆ ಯಲಬುರ್ಗಾದ ಕಡೆಯಿಂದ ಯಾರೇ ಕಾರ್ಖಾನೆಗೆ ಬಂದರೂ ಕೈಯ ಕೆಲಸ ಬಿಟ್ಟು ಅವರ ಮುಖ ನೋಡುತ್ತಿದ್ದೆ. ಮೌನಪ್ಪ ಹೇಗಿದ್ದಾನೆ ಎಂದು ಕೇಳಬೇಕು ಅನ್ನಿಸುತ್ತಿತ್ತು, ಉತ್ತರಕ್ಕೆ ಹೆದರಿ ಕೇಳುತ್ತಿರಲಿಲ್ಲ. ಹಿಟ್ನಾಳದಲ್ಲಿ ಒಂದು ಗರಗಸ ಕೂಡಿಸುವಾಗ ಯಜಮಾನ ಹಿಂದಿನಿಂದ ಬಂದು ಸುಮ್ಮನೆ ಭುಜ ಮುಟ್ಟಿದ್ದಕ್ಕೆ ಬೋಲ್ಟು ತಿರುಗಿಸುವ ಪಾನಾ ಕೈಯಿಂದ ಬಿಟ್ಟು ಕಾಲ ಮೇಲೆ ಹಾಕಿಕೊಂಡಿದ್ದೆ.

ಕೊನೆಗೆ ಹೇಳಿಕಳುಹಿಸಿದವನು ಮೌನಪ್ಪನೇ. ಹಲಗೆ ಸುಡುತ್ತಿದೆ, ಸೀಳಿದ ಅಂಚು ಕಪ್ಪಾಗುತ್ತಿದೆ, ಬಂದು ನೋಡು ಎಂದು. ಇದೂ ನೆನಪಿರಲಿ: ಹರಿತವಾದ ಬಿಲ್ಲೆಯಿದ್ದೂ ಹಲಗೆಯ ಅಂಚು ಸುಟ್ಟರೆ ಅದು ಆಸರೆ ಒತ್ತುತ್ತಿದೆ ಎಂಬುದರ ಗುರುತು. ಯಂತ್ರ ಮೊದಲು ಹೀಗೆ ಹೇಳಿ ನೋಡುತ್ತದೆ.

ಮುಂಜಾನೆಯ ಬಸ್ಸಿಗೆ ಹೋದೆ. ಪಡಸಾಲೆಗೆ ಕಾಲಿಡುತ್ತಲೇ ಕಣ್ಣು ರೈಲಿನ ತುದಿಗೆ ಹೋಯಿತು. ಅಲ್ಲಿ ಒಂದು ಒದ್ದೆ ಅರಿವೆ ಒಣಗಲು ಹಾಕಿದ್ದರು. ಅರಿವೆ ಸರಿಸಿದೆ. ನಾನು ಎಣ್ಣೆ ಹಚ್ಚಿ ಕಪ್ಪಗೆ ಬಿಟ್ಟು ಹೋಗಿದ್ದ ಕಬ್ಬಿಣ ಹೊಸ್ತಿಲಿನ ನೇರಕ್ಕೆ ಹಿಡಿಕೆಯ ಹಾಗೆ ನುಣುಪಾಗಿ ಹೊಳೆಯುತ್ತಿತ್ತು. ಅದರ ಮೇಲೆ ಜೋಳದ ಹಿಟ್ಟಿನ ಕೈಗುರುತು, ನಾಲ್ಕು ಬೆರಳು ಬಿಡಿಬಿಡಿಯಾಗಿ ಮೂಡಿತ್ತು. ಹಿಟ್ಟು ಇನ್ನೂ ಒಣಗಿರಲಿಲ್ಲ.

ಮೌನಪ್ಪನಿಗೆ ತೋರಿಸಿದೆ. ಅವನು ನೋಡಿದ. ಈ ಸಲ ನಗಲಿಲ್ಲ. “ನೋಡೂಣು. ಮೊದಲ ಆಸರೆ ನೆಟ್ಟಗ ಮಾಡು” ಎಂದ.

ಆಸರೆಯ ಬೋಲ್ಟು ಸಡಿಲಿಸಿ ಬಿಲ್ಲೆಗೆ ಸರಿಹೊಂದಿಸಿ ಮತ್ತೆ ಬಿಗಿದೆ. ಕರೆಂಟು ಇತ್ತು. ಪರೀಕ್ಷೆಗೆಂದು ಮೌನಪ್ಪ ಎರಡು ಬೇವಿನ ಹಲಗೆ ಕೂಡಿಸಿ ಅಂಟಿಸಿದ ಒಂದು ಅಗಲ ಹಲಗೆ ತಂದು, ಆಸರೆಯನ್ನು ಮೇಜಿನಾಚೆಯ ರೈಲಿಗೆ ಸರಿಸಿ ಬಿಗಿದ. ಗಂಗವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದಳು, ತಟತಟ ಸದ್ದು ಕೇಳುತ್ತಿತ್ತು. ಹಲಗೆ ಹಿಡಿಯಲು ನಾನು ಹಿಂದೆ ನಿಂತೆ. ಮೌನಪ್ಪ ಗುಂಡಿ ಒತ್ತಿದ. ಬಿಲ್ಲೆ ತಿರುಗಿತು. ಹಲಗೆ ಅರ್ಧದವರೆಗೆ ಸುಸೂತ್ರವಾಗಿ ಬಂತು, ಅಂಚು ಬೆಳ್ಳಗಿತ್ತು. ಸರಿಯಾಯಿತು ಎಂದು ನಾನು ಉಸಿರು ಬಿಟ್ಟೆ.

ರೊಟ್ಟಿಯ ಸದ್ದು ನಿಂತದ್ದು ನನ್ನ ಗಮನಕ್ಕೆ ಬರಲಿಲ್ಲ. ಗರಗಸದ ದನಿಗೆ ಅದು ಮುಚ್ಚಿಹೋಗಿತ್ತು. ಹಲಗೆ ಹಿಡಿಯಲು ಬೇರೆಯವನು ನಿಂತಿದ್ದಾನೆ ಎಂದು ಗಂಗವ್ವನಿಗೆ ಗೊತ್ತಿರಲಿಲ್ಲ. ಯಂತ್ರ ಶುರುವಾದ ಸದ್ದಿಗೆ ತನ್ನ ಕೆಲಸಕ್ಕೆಂದು ಅವಳು ಎದ್ದು ಬಂದಿದ್ದಳು. ನಾನು ಕಂಡದ್ದು ಇಷ್ಟು: ಬಾಗಿಲಲ್ಲಿ ಎತ್ತಿದ ಕಾಲು, ರೈಲಿನ ಮೇಲೆ ಹಿಟ್ಟಿನ ಕೈ. ಗರಗಸದ ದನಿ ದಪ್ಪವಾಯಿತು. ನಾನು ಬಾಯಿ ತೆರೆದೆ. ಕೂಗಿದೆನೋ ಇಲ್ಲವೋ ನನಗೆ ನೆನಪಿಲ್ಲ. ಹಲಗೆಯ ಹಿಂದಿನ ಅಂಚು ನನ್ನ ಕೈಯಿಂದ ಕಿತ್ತುಕೊಂಡು ಮೇಲೆದ್ದಿತು. ಆಮೇಲೆ ಹಲಗೆ ಇರಲಿಲ್ಲ. ಬೀದಿಬಾಗಿಲಲ್ಲಿ ದೊಡ್ಡ ಸದ್ದಾಯಿತು.

ಮೌನಪ್ಪ ನಿಂತೇ ಇದ್ದ. ಆಮೇಲೆ ನಿಧಾನವಾಗಿ, ಯಾರೋ ಕೈಹಿಡಿದು ಕೂರಿಸಿದ ಹಾಗೆ, ನೆಲಕ್ಕೆ ಕುಳಿತ. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ನಾನು ಯಂತ್ರ ನಿಲ್ಲಿಸಿದೆ. ಬಿಲ್ಲೆ ಪೂರ್ತಿ ನಿಲ್ಲುವವರೆಗೆ ನಮ್ಮಲ್ಲಿ ಯಾರೂ ಅಲುಗಾಡಲಿಲ್ಲ. ಗಂಗವ್ವನ ಒಂದು ಕಾಲು ಹೊಸ್ತಿಲಿನ ಆಚೆ, ಒಂದು ಈಚೆ. ಕೈ ಇನ್ನೂ ರೈಲಿನ ಮೇಲೆಯೇ ಇತ್ತು.

“ಏನಾತ್ರಿ? ಅಯ್ಯ, ಏನಾತ್ರಿ ಇವರಿಗೆ?”

ಮೌನಪ್ಪ ಪಕ್ಕೆ ಒತ್ತಿಹಿಡಿದು ಉಸಿರು ತೆಗೆದುಕೊಂಡ. ಮೊದಲು ಹೆಂಡತಿಯ ಕೈಯನ್ನು ನೋಡಿದ. ಆಮೇಲೆ ನನ್ನನ್ನು ನೋಡಿದ. “ಗಂಟ ಇತ್ತು” ಎಂದ. “ಹಲಗ್ಯಾಗ ಗಂಟ ಇತ್ತು. ಸಿಕ್ಕೊಂಡು ಹಾರ್ತು.”

ಗಂಟು ಇರಲಿಲ್ಲ. ಆ ಹಲಗೆಯನ್ನು ನಾನು ಎರಡೂ ಮಗ್ಗುಲು ನೋಡಿದ್ದೆ.

ಹಲಗೆಯ ಮೂಲೆ ಅವನ ಸೊಂಟದ ಮೇಲೆ, ಪಕ್ಕೆಲುಬಿನ ಕೆಳಗೆ ಸವರಿಕೊಂಡು ಹೋಗಿತ್ತು. ಒಂದು ಬೆರಳು ಈಚೆಗೆ ನಿಂತಿದ್ದರೆ ಹೊಟ್ಟೆಯೊಳಗೆ ಹೋಗುತ್ತಿತ್ತು ಎಂದು ದವಾಖಾನೆಯಲ್ಲಿ ಹೇಳಿದರು. ಎಲುಬು ಮುರಿದಿರಲಿಲ್ಲ. ಬಹಳ ದಿನ ಬಗ್ಗಿ ನಡೆದ, ಅಷ್ಟೆ. ಹಲಗೆ ಬೀದಿಬಾಗಿಲಿಗೆ ಬಡಿದು ಎರಡು ತುಂಡಾಗಿತ್ತು. ಬಾಗಿಲಿನ ಮೇಲೆ ಅದು ಬಡಿದ ಗಾಯ ಎದೆಯೆತ್ತರದಲ್ಲಿತ್ತು.

ಅವತ್ತು ಊರು ಬಿಡುವ ಮುಂಚೆ, ಯಾರೂ ಯಂತ್ರ ಚಾಲೂ ಮಾಡದ ಹಾಗೆ, ಅದರ ಫ್ಯೂಜಿನ ಪಿಂಗಾಣಿ ತುಂಡನ್ನು ಕಿತ್ತು ಕಿಸೆಗೆ ಹಾಕಿಕೊಂಡೆ. ಯಾರನ್ನೂ ಕೇಳಲಿಲ್ಲ. ಬಸ್ಸಿನಲ್ಲಿ ಅದನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಗಂಗವ್ವನಿಗೆ ನಿಜ ಹೇಳಿದರೆ ಅವಳು ಆ ಕೈಯನ್ನು ಜೀವಮಾನವಿಡೀ ಹೊತ್ತುಕೊಂಡು ತಿರುಗಬೇಕು. ಹೇಳದಿದ್ದರೆ ನಾಳೆ ಮತ್ತೆ ಅದೇ ಕೈ ಅದೇ ರೈಲು ಹಿಡಿಯುತ್ತದೆ. ಗಂಡ ಗಂಟು ಎಂದು ಹೇಳಿಬಿಟ್ಟಿದ್ದಾನೆ. ಆ ಗಂಟನ್ನು ನಾನು ಬಿಚ್ಚುವುದು ಹೇಗೆ?

ಕಾರ್ಖಾನೆಯಲ್ಲಿ ಫ್ಯೂಜನ್ನು ಮೇಸ್ತ್ರಿಯ ಮುಂದಿಟ್ಟು ನಡೆದದ್ದನ್ನು ಹೇಳಿದೆ. ಅವರು ಬೀಡಿ ಹೊತ್ತಿಸಿದರು. ಪೂರ್ತಿ ಸೇದಿದರು. “ಹನುಮಂತಪ್ಪ” ಎಂದರು. ಸಿಟ್ಟು ನನ್ನ ಮೇಲೆ ಎಂದುಕೊಂಡೆ. “ಮನಿ ನೋಡಲಾರದ ಅಳತಿ ಹೇಳಿದವ ನಾನು. ನಾಳೆ ಮೊದಲ ಬಸ್ಸಿಗೆ ಹೋಗೂಣು. ಆಕಿಗೆ ಏನೂ ಹೇಳಬ್ಯಾಡ. ರೈಲಿಗೆ ಹೇಳೂಣು.”

ಮರುದಿನ ಮೌನಪ್ಪನ ಮನೆಯಲ್ಲಿ ಮೇಸ್ತ್ರಿ ಬಹಳ ಹೊತ್ತು ಏನೂ ಮಾಡದೆ ಪಡಸಾಲೆಯಲ್ಲಿ ಕುಳಿತಿದ್ದರು. ಗಂಗವ್ವ ನೀರು ತಂದಳು, ಚಹಾ ತಂದಳು, ಹೋದಳು, ಬಂದಳು. ಪ್ರತಿಸಲವೂ ಮೇಸ್ತ್ರಿಯ ಕಣ್ಣು ಅವಳ ಕೈಯ ಮೇಲೆ. ಆ ದಿನ ಅವಳು ರೈಲನ್ನು ಒಮ್ಮೆಯೂ ಮುಟ್ಟಲಿಲ್ಲ. ಚೌಕಟ್ಟು ಹಿಡಿದೇ ದಾಟುತ್ತಿದ್ದಳು. ಅದನ್ನು ನಾನು ಕಂಡೆ, ಅರ್ಥಮಾಡಿಕೊಳ್ಳಲಿಲ್ಲ.

ಮೇಸ್ತ್ರಿ ಎದ್ದು, ಗೋಡೆಯಿಂದ ಒಂದು ಮೊಳ ಈಚೆಗೆ ರೈಲಿನ ಮೇಲೆ ಸೀಮೆಸುಣ್ಣದ ಗೀಟು ಎಳೆದರು. ಮಂಚದ ಮೇಲೆ ಮಲಗಿದ್ದ ಮೌನಪ್ಪನನ್ನು ಕೇಳಿದರು. “ಕಡೀಲೇನಪಾ?”

“ಕಡೀರಿ.”

“ಹಿತ್ತಲಾಗ ಚಪ್ಪರ ಹಾಕಿದ ಮ್ಯಾಲ?”

“ಆವಾಗ ಹೊಸಾದು ಮಾಡಸ್ತೀನ್ರಿ. ಬದುಕಿದ್ರ ತಾನ ಚಪ್ಪರ?”

ಲೋಹದ ಗರಗಸ ಹಿಡಿದು ಮೇಸ್ತ್ರಿ ತಾವೇ ಕೊಯ್ದರು, ನನಗೆ ಕೊಡಲಿಲ್ಲ. ವಯಸ್ಸಾದ ತೋಳು, ನಡುನಡುವೆ ನಿಲ್ಲುತ್ತಿದ್ದರು. ತುಂಡು ಕೆಳಗೆ ಬಿದ್ದಾಗ ಉಳಿದ ತುದಿಯನ್ನು ಅರದಿಂದ ಉಜ್ಜಿ, ಹೆಬ್ಬೆರಳಿನಿಂದ ಸವರಿ ನೋಡಿದರು. ಎಲೆಯ ಪರೀಕ್ಷೆ ಮಾಡಿದೆವು. ನಾನು ಗಿಡ್ಡ ರೈಲಿನ ತುದಿಗೆ ಭಾರ ಬಿಟ್ಟೆ. ಎಲೆ ಅಲ್ಲಾಡಲಿಲ್ಲ. ಬಿಲ್ಲೆಯಿಂದಾಚೆ ಎರಡು ಫೂಟಿನ ಮೇಲೆ ಸ್ವಲ್ಪ ಉಳಿದಿತ್ತು. ನಾಲ್ಕು ಫೂಟಿನ ಹಾಳೆಗೆ ಅರ್ಧ ಸಾಕು ಎಂಬ ಕುಷ್ಟಗಿಯ ಲೆಕ್ಕ, ಬಿಲ್ಲೆಯ ದಪ್ಪ ಸಮೇತ, ಮೌನಪ್ಪನಿಗೆ ಹೇಳಿಕೊಟ್ಟೆವು.

ಮೇಸ್ತ್ರಿ ಕೊಯ್ದ ತುಂಡನ್ನು ಚೀಲಕ್ಕೆ ಹಾಕಲು ಹೋದರು. ಗಂಗವ್ವ ತಡೆದಳು. “ಅದು ಇಲ್ಲೇ ಇರ್ಲಿರೀ.”

“ಏನ ಮಾಡತೀಯವ್ವಾ ಇದನ್ನ?”

“ಬಾಗ್ಲಾ ಈಗ ಮುಚ್ಚಾಕ ಬರತೈತಲ್ಲ. ಒಳಗಿಂದ ಅಗಳಿ ಬೇಕು.”

ಮೇಸ್ತ್ರಿ ಹೊರಗೆ ಬಾಯಿ ತೊಳೆಯಲು ಹೋದಾಗ ಅವಳು ನನ್ನ ಹತ್ತಿರ ಬಂದಳು. ದನಿ ತಗ್ಗಿಸಿದಳು.

“ಅಣ್ಣಾರ, ಆ ಮುರದ ಹಲಗಿ ಮುಂಜಾನೆ ನಾನ ಒಲಿಗೆ ಹಾಕಿದೆ. ಭರ್ರಂತ ಉರದು ಹೋತು. ಗಂಟಿನ ಕಟಗಿ ಹಂಗ ಉರೀತೈತೇನ್ರಿ? ಬಡಿಗ್ಯಾರ ಮನಿ ಒಲಿ ಮುಂದ ಇಷ್ಟು ವರ್ಷ ಕುಂತೀನಿ.” ತನ್ನ ಬಲಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದಳು. “ನನಗ ಗೊತ್ತೈತಂತ ಅವರಿಗೆ ಹೇಳಬ್ಯಾಡ್ರಿ. ಪಾಪ, ಗಂಟ ಅಂದಾರ. ಗಂಟ ಅಂತನ ಇರ್ಲಿ.”

ನಾನು ಹೇಳಲಿಲ್ಲ. ಇಬ್ಬರೂ ಈಗ ಇಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮೌನಪ್ಪ ಚೇತರಿಸಿಕೊಂಡ ಮೇಲೆ ಫ್ಯೂಜು ಹಿಂದಿರುಗಿಸಲು ನಾನೇ ಹೋದೆ. ಅಡುಗೆಮನೆಯ ಬಾಗಿಲಿನ ಒಳಗಡೆ ಚೌಕಟ್ಟಿನ ಎರಡೂ ಬದಿಗೆ ಅವನು ಕಟ್ಟಿಗೆಯ ಗೂಡು ಬಡಿದಿದ್ದ, ರೈಲಿನ ತುಂಡು ಅದರಲ್ಲಿ ಅಡ್ಡಲಾಗಿ ಕೂರುತ್ತಿತ್ತು. ಅಳತೆ ಸರಿಯಾಗಿತ್ತು. ಹಲಗೆ ಹಿಡಿಯುವ ಕೆಲಸವಿದ್ದರೆ ಗಂಗವ್ವ ಮೊದಲೇ ಬಂದು ಮೇಜಿನ ಹಿಂದೆ ನಿಲ್ಲುತ್ತಿದ್ದಳು. ಒಳಗಿದ್ದರೆ ಒಳಗೇ.

ನಾನು ಫ್ಯೂಜು ಸಿಕ್ಕಿಸಿ ಪಕ್ಕಕ್ಕೆ ಸರಿದೆ. ಅವತ್ತು ಅವಳು ಒಳಗಿದ್ದಳು, ರೊಟ್ಟಿಯ ಸದ್ದು ಬರುತ್ತಿತ್ತು. ಮೌನಪ್ಪ ಹಲಗೆಯನ್ನು ಆಸರೆಗೆ ಒತ್ತಿ ಹಿಡಿದು, “ಏ, ಚಾಲೂ ಮಾಡ್ಲೇನ?” ಎಂದು ಕೂಗಿದ. ರೊಟ್ಟಿಯ ಸದ್ದು ನಿಂತಿತು. ಬಾಗಿಲು ಮುಚ್ಚಿಕೊಂಡಿತು. ಅವನ ಬೆರಳು ಗುಂಡಿಯ ಮೇಲಿತ್ತು, ಒತ್ತಲಿಲ್ಲ. ಕಿವಿ ಬಾಗಿಲ ಕಡೆಗೆ ಇಟ್ಟು ಕಾಯುತ್ತಾ ನಿಂತ. ಒಳಗಿನಿಂದ ಕಬ್ಬಿಣ ಗೂಡಿನಲ್ಲಿ ಕುಳಿತ ಸದ್ದು ಕೇಳಿಸಿದ ಮೇಲೆಯೇ ಒತ್ತಿದ.